ಇಬ್ಬರ ನಡುವೆ ಒಂದು ಮೈಕು

ಗಂಟಲ ಡಾಕ್ಟರು ನನ್ನ ನಾಲಗೆಯನ್ನು ಬಟ್ಟೆಯ ತುಂಡಿನಲ್ಲಿ ಹಿಡಿದು ಹೊರಗೆಳೆದು, ಬಾಯೊಳಗೆ ಒಂದು ಪುಟ್ಟ ಕನ್ನಡಿ ಇಳಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಕೈ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ, "ಏನ್ ಕೆಲಸ ಮಾಡ್ತೀರಿ?" ಎಂದರು.

"ಮಾತಾಡ್ತೀನ್ರಿ."

"ಮಾತು ಎಲ್ಲಾರೂ ಆಡ್ತಾರ. ಹೊಟ್ಟಿಗೆ ಏನ್ ಮಾಡ್ತೀರಿ?"

"ಹೊಟ್ಟಿಗೂ ಅದನ್ನೇ ಮಾಡ್ತೀನ್ರಿ. ಕಬಡ್ಡಿ, ವಾಲಿಬಾಲ್, ಆರ್ಕೆಸ್ಟ್ರಾ, ಮದುವಿ ರಿಸೆಪ್ಶನ್. ಮೈಕ್ ಎಲ್ಲಿರ್ತದ ಅಲ್ಲಿ."

ಅವರು ತಿರುಗಿ, ಈಗಷ್ಟೇ ಒಳಗೆ ಬಂದವನನ್ನು ನೋಡುವಂತೆ ನನ್ನನ್ನು ನೋಡಿದರು. ಹಾರೆ ಹಿಡಿದವರ ಅಂಗೈ ಜಡ್ಡುಗಟ್ಟುವ ಹಾಗೆ ನನ್ನ ಧ್ವನಿತಂತುಗಳ ಮೇಲೆ ಎರಡೂ ಕಡೆ ಗಂಟು ಕಟ್ಟಿವೆ ಎಂದರು. ಇವತ್ತಿನಿಂದ ತಾವು ಹೇಳುವವರೆಗೆ ಒಂದು ಮಾತೂ ಆಡಕೂಡದು. ಪಿಸುಮಾತೂ ಬೇಡ, ಅದು ಕೂಗುವುದಕ್ಕಿಂತ ಕೆಟ್ಟದ್ದು. ಗಂಟು ಕರಗಿದರೆ ಸರಿ. "ಕರಗಲಿಲ್ಲಂದ್ರ ಕತ್ರಿ ಹಾಕಬೇಕಾಗ್ತದ. ಆಮ್ಯಾಲೆ ಆವಾಜ್ ಹೆಂಗ ಬರ್ತದ ಅಂತ ನಾ ಏನೂ ಹೇಳಂಗಿಲ್ಲ. ಬರಬಹುದು. ಬ್ಯಾರೇದವರದು ಬಂದಂಗ ಬರಬಹುದು."

ಲಿಂಗಸುಗೂರಿನ ಕಬಡ್ಡಿ ಪಂದ್ಯಾವಳಿಗೆ ಆಗಲೇ ನನ್ನನ್ನು ಗೊತ್ತು ಮಾಡಿದ್ದರು. ಅದನ್ನು ಕೇಳೋಣವೆಂದು ಬಾಯಿ ತೆರೆದೆ. ಡಾಕ್ಟರು ತುಟಿಯ ಮೇಲೆ ಬೆರಳಿಟ್ಟರು. ನನ್ನ ಮೌನ ಶುರುವಾದದ್ದು ಆ ಬೆರಳಿನಿಂದ.

ರಾಯಚೂರಿನಿಂದ ಸಿಂಧನೂರಿಗೆ ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಎಂದು ಕೇಳಿದ. ಫೋನಿನಲ್ಲಿ ಊರಿನ ಹೆಸರು ಬರೆದು ತೋರಿಸಿದೆ. ಅವನು ಟಿಕೆಟ್ ಕೊಟ್ಟು, ನನ್ನ ಕಿವಿಯ ಹತ್ತಿರ ಬಗ್ಗಿ, ಇಡೀ ಬಸ್ಸಿಗೆ ಕೇಳುವಂತೆ, "ಸಿಂಧನೂರು ಬಂದಾಗ ಹೇಳ್ತೀನಿ, ಕುಂದ್ರು" ಎಂದು ಕೂಗಿದ. ಮಾತಾಡದವನಿಗೆ ಕಿವಿಯೂ ಕೇಳಿಸದು ಎಂದುಕೊಂಡಿದ್ದ. ಅವನ ಮದುವೆಯ ಆರತಕ್ಷತೆಯನ್ನು ನಾನೇ ನಿರೂಪಿಸಿರಬಹುದೇನೋ. ಆ ಸೀಮೆಯಲ್ಲಿ ನನ್ನ ಆವಾಜ್ ಗೊತ್ತಿಲ್ಲದವರು ಕಡಿಮೆ, ಮುಖ ಗೊತ್ತಿದ್ದವರು ಇನ್ನೂ ಕಡಿಮೆ. ಕಿಟಕಿಯ ಆಚೆ ಭತ್ತದ ಗದ್ದೆಗಳಲ್ಲಿ ನೀರು ನಿಂತಿತ್ತು. ಮೋಡಗಳು ಬಸ್ಸಿನ ಜೊತೆ ಕೆಳಗೇ ಹರಿದು ಬರುತ್ತಿದ್ದವು. ಹಾಗೆ ನೋಡುತ್ತ, ಮೂವತ್ತು ವರ್ಷ ಈ ದಾರಿಯಲ್ಲಿ ಓಡಾಡಿ ಅದನ್ನು ಒಮ್ಮೆಯೂ ನೋಡಿರಲಿಲ್ಲವಲ್ಲ ಅನ್ನಿಸಿತು. ಅಥವಾ ನೋಡಿದ್ದೆ, ಪಕ್ಕದವರ ಜೊತೆ ಮಾತಾಡುತ್ತ ಮರೆತಿದ್ದೆ.

ಈ ಕೆಲಸಕ್ಕೆ ನಾನು ಬಂದದ್ದು ದಾರಿ ತಪ್ಪಿ. ಕಲಬುರಗಿಯಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮುಗಿಸಿಕೊಂಡು ಊರಿಗೆ ಬಂದಾಗ ನನಗೆ ಚೆನ್ನಾಗಿ ಬರುತ್ತಿದ್ದದ್ದು ಒಂದೇ ಪ್ರಶ್ನೆ: ಅದು ಹಾಗೆ ಎಂದು ನಿನಗೆ ಹೇಗೆ ಗೊತ್ತು? ಆ ಪ್ರಶ್ನೆಗೆ ಸಂಬಳ ಕೊಡುವವರು ಸಿಂಧನೂರಿನಲ್ಲಿ ಇರಲಿಲ್ಲ. ಒಂದು ಕಡೆ ಅತಿಥಿ ಉಪನ್ಯಾಸಕನಾದೆ, ಬಿಟ್ಟೆ. ಗೊಬ್ಬರದ ಅಂಗಡಿಯಲ್ಲಿ ಕುಳಿತೆ, ಬಿಟ್ಟೆ. ಕೊನೆಗೆ ನನ್ನ ಸೋದರಮಾವ, ಮೈಕ್‌ಸೆಟ್ಟಿನ ಅಂಗಡಿ ಇಟ್ಟವರು, "ಒಂದ್ ಕಡಿ ಕುಂದ್ರಾಕ ಆಗಂಗಿಲ್ಲ ಅಂದ್ರ ಆಟೋದಾಗ ಕುಂದ್ರು, ಅದಾದ್ರೂ ತಿರುಗ್ತದ" ಎಂದು ಹಾರ್ನ್ ಕಟ್ಟಿದ ಆಟೋದಲ್ಲಿ ಕೂರಿಸಿ ಕೈಗೆ ಮೈಕು ಕೊಟ್ಟರು. ಟಾಕೀಸಿಗೆ ಬಂದ ಹೊಸ ಸಿನಿಮಾಗಳನ್ನು ನಾನು ಬೀದಿ ಬೀದಿ ಸಾರಿದೆ. ಯಾವುದನ್ನೂ ನೋಡಿರಲಿಲ್ಲ. ಆದರೂ ಕಣ್ಣೀರು ತರಿಸುವ ಕಥೆ, ಮೈ ನವಿರೇಳಿಸುವ ಹೊಡೆದಾಟ ಎಂದು ಹೇಳುತ್ತ ಹೋದಂತೆ ಆ ಕಥೆಗಳು ಕಣ್ಣ ಮುಂದೆ ಬರುತ್ತಿದ್ದವು. ಈಗಲೂ ಕೆಲವು ಸಿನಿಮಾಗಳ ದೃಶ್ಯಗಳು ನನಗೆ ನೆನಪಿವೆ. ಅವು ಆ ಸಿನಿಮಾಗಳಲ್ಲಿ ಇಲ್ಲ.

ಜವಳಗೇರಾದಲ್ಲಿ ಒಂದು ದಿನ ಕಬಡ್ಡಿ ಪಂದ್ಯಕ್ಕೆ ಮೈಕು ಕಟ್ಟಲು ಹೋದಾಗ ಕಾಮೆಂಟ್ರಿ ಹೇಳುವವರು ಬರಲಿಲ್ಲ. ನಾನು ಕುಳಿತೆ. ಅಲ್ಲಿಂದ ಬಳಗಾನೂರು, ಮಸ್ಕಿ, ಲಿಂಗಸುಗೂರು. ಆಟಗಾರರ ಹೆಸರು ಯಾರಿಗೂ ಗೊತ್ತಿರುತ್ತಿರಲಿಲ್ಲ, ಊರು ಮತ್ತು ಅಂಗಿಯ ನಂಬರು ಮಾತ್ರ. ಬಳಗಾನೂರಿನ ಏಳು, ಮಸ್ಕಿಯ ಹನ್ನೊಂದು. ಸೋತ ತಂಡದ ಅಂಗಿಗಳನ್ನು ಮುಂದಿನ ತಂಡ ಬೆವರು ಆರುವ ಮೊದಲೇ ಹಾಕಿಕೊಂಡು ಇಳಿಯುತ್ತಿದ್ದದ್ದೂ ಉಂಟು. ಬೆಳಿಗ್ಗೆ ಎದೆಯ ಮೇಲೆ ಬಿದ್ದು ಸೋತ ಏಳು ಮಧ್ಯಾಹ್ನ ಬೇರೊಂದು ಊರಿನವನಾಗಿ ಗೆಲ್ಲುತ್ತಿದ್ದ.

ಆಮೇಲೆ ಕೇಬಲ್ ಟಿವಿ ಬಂತು. ಲಿಂಗಸುಗೂರಿನಲ್ಲಿ ನಡೆದ ಪಂದ್ಯದ ಕ್ಯಾಸೆಟ್ಟನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದರು. ಸಿಂಧನೂರಿನ ಒಂದು ಮಿರ್ಚಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕುಳಿತು, ಎಣ್ಣೆಯ ಹೊಗೆಯಲ್ಲಿ ಕಣ್ಣುಜ್ಜುತ್ತ, ಆ ಪಂದ್ಯ ಆಗ ತಾನೇ ನಡೆಯುತ್ತಿದೆ ಎಂಬಂತೆ ನಾನು ಕಾಮೆಂಟ್ರಿ ಹೇಳುತ್ತಿದ್ದೆ. ಯಾರು ಗೆದ್ದರೆಂದು ನನಗೂ ಗೊತ್ತು, ನೋಡುವವರಿಗೂ ಗೊತ್ತು. ಆದರೂ ಎಲ್ಲರೂ ತುದಿಗಾಲಲ್ಲಿ ಕೂರುತ್ತಿದ್ದರು. ಗೊತ್ತಿದ್ದದ್ದಕ್ಕೆ ಬೆರಗಾಗುವುದನ್ನು ನಾನು ಕಲಿತದ್ದು ಅಲ್ಲಿ. ಕಲಿತ ಮೇಲೆ ಅದು ಬಿಡಲಿಲ್ಲ. ಆರ್ಕೆಸ್ಟ್ರಾಗಳಲ್ಲಿ ಅದೇ ಗಾಯಕನನ್ನು ನೂರಾರು ಸಲ ಮೊದಲ ಬಾರಿಗೆ ಎಂಬಂತೆ ಕರೆದೆ. ಮದುವೆಗಳಲ್ಲಿ ಕಂಡರಿಯದ ವರನನ್ನು ಬಾಲ್ಯದಿಂದ ಬಲ್ಲವನಂತೆ ಹೊಗಳಿದೆ. ಈಗೀಗ ಪಂದ್ಯಗಳು ಫೋನಿನಲ್ಲೇ ಲೈವ್ ಹೋಗುತ್ತವೆ. ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮೂರ ಮಂದಿ ಅಲ್ಲಿಂದಲೇ 'ಜೋರಾಗಿ ಹೇಳ್ರಿ' ಎಂದು ಬರೆಯುತ್ತಾರೆ. ಜೋರಾಗಿ ಹೇಳುತ್ತಲೇ ಬಂದೆ.

ಈ ಎಲ್ಲದರಲ್ಲೂ ನನ್ನ ಜೊತೆ ಒಬ್ಬ ಗೆಳೆಯ ಇದ್ದಾನೆ. ಸಿಂಧನೂರಿನ ಹತ್ತಿರದ ಪುನರ್ವಸತಿ ಶಿಬಿರ ಆರ್.ಎಚ್. ಕ್ಯಾಂಪಿನವನು. ಅವನ ತಂದೆ ತಾಯಿ ಬಂಗಾಳದ ಕಡೆಯಿಂದ ನಿರಾಶ್ರಿತರಾಗಿ ಬಂದವರು, ಅವನು ಇಲ್ಲೇ ಹುಟ್ಟಿದವನು. ಕ್ಯಾಂಪಿನ ಫುಟ್‌ಬಾಲ್ ಪಂದ್ಯಕ್ಕೆ ನಾನು ಮೊದಲ ಸಲ ಹೋದಾಗ ಕಾಲಲ್ಲಿ ಚೆಂಡು ಆಡುವುದರ ಬಗ್ಗೆ ಕಬಡ್ಡಿಯ ಮಾತುಗಳಲ್ಲಿ ಕಾಮೆಂಟ್ರಿ ಹೇಳುತ್ತಿದ್ದೆ. ಅವನು ಹಿಂದಿನಿಂದ ಬಂದು, "ಅಣ್ಣಾರ, ಇಲ್ಲಿ ಯಾರೂ ಉಸಿರು ಹಿಡಿಯಂಗಿಲ್ರಿ, ಓಡ್ತಾರ ಅಷ್ಟ" ಎಂದು ಮೈಕು ಇಸಿದುಕೊಂಡು ಬಂಗಾಲಿಯಲ್ಲಿ ಎರಡು ಮಾತು ಹೇಳಿದ. ಮೈದಾನ ನಕ್ಕಿತು. ಅಂದಿನಿಂದ ನಾವಿಬ್ಬರೂ ಜೋಡಿ. ಕನ್ನಡ ನನ್ನದು, ಕಾಲುವೆ ಸೀಮೆಗೆ ಬಂದು ನೆಲೆಸಿದ ಆಂಧ್ರದವರಿಗೆ ತೆಲುಗು, ಕ್ಯಾಂಪಿನವರಿಗೆ ಬಂಗಾಲಿ ಅವನದು. ಬರಬರುತ್ತ ಅವನ ಕನ್ನಡ ನನ್ನದರ ಹಾಗೇ ಆಯಿತು, ಎಳೆಯುವ ಕಡೆ ಎಳೆದು, ನಿಲ್ಲಿಸುವ ಕಡೆ ನಿಲ್ಲಿಸಿ. ಮೈಕು ಯಾವಾಗಲೂ ಒಂದೇ ಇರುತ್ತಿತ್ತು. ನನಗೆ ಉಸಿರು ಸಾಲದಾದಾಗ ಮೇಜಿನ ಕೆಳಗೆ ಅವನ ಮೊಣಕಾಲು ಒತ್ತುತ್ತಿದ್ದೆ. ಅವನು ವಾಕ್ಯದ ನಡುವೆಯೇ ಮೈಕು ತೆಗೆದುಕೊಂಡು ಆ ವಾಕ್ಯ ಮುಗಿಸುತ್ತಿದ್ದ. ದೂರದಲ್ಲಿ ಕಂಬಕ್ಕೆ ಕಟ್ಟಿದ ಹಾರ್ನಿನ ಕೆಳಗೆ ನಿಂತವರಿಗೆ ಎಲ್ಲಿ ನಾನು ಮುಗಿದೆ, ಎಲ್ಲಿ ಅವನು ಶುರುವಾದ ಎಂದು ತಿಳಿಯುತ್ತಿರಲಿಲ್ಲ.

ಮನೆಯಲ್ಲಿ ಮಾತಿಲ್ಲದೆ ಕುಳಿತ ಮೇಲೆ ಹಗಲುಗಳು ಉದ್ದವಾದವು. ನನ್ನ ಹೆಂಡತಿ ಜವಳಗೇರಾದ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆಗೆ ಬರುವುದು. ನಾನು ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದೆ. ರೈಸ್ ಮಿಲ್ಲಿನ ಸದ್ದು ಬಹಳ ದೂರದ ಜನಸಂದಣಿಯ ಹಾಗೆ ಕೇಳಿಸುತ್ತಿತ್ತು. ಅರೆನಿದ್ದೆಯಲ್ಲಿ ಹಳೆಯ ಪಂದ್ಯಗಳು ಬರುತ್ತಿದ್ದವು. ಅವುಗಳಲ್ಲಿ ಸದ್ದು ಇರುತ್ತಿರಲಿಲ್ಲ. ಬಾಯಿಯವರೆಗೆ ಬಂದ ಮಾತು ಅಲ್ಲೇ ನಿಂತು ತಿರುಗಿ ಒಳಗೆ ಹೋಗುತ್ತಿತ್ತು, ಹೋಗುವಾಗ ಏನೋ ಒಂದನ್ನು ಕದಲಿಸಿ ಹೋಗುತ್ತಿತ್ತು. ಹೇಳಿ ಹೇಳಿ ಗಟ್ಟಿ ಮಾಡಿಕೊಂಡ ನೆನಪುಗಳು ಹೇಳುವುದು ನಿಂತೊಡನೆ ಸಡಿಲವಾದವು. ಮಸ್ಕಿಯ ಪಂದ್ಯದಲ್ಲಿ ಲಿಂಗಸುಗೂರಿನ ಜನ ಇರುತ್ತಿದ್ದರು. ಫುಟ್‌ಬಾಲ್ ಮೈದಾನದ ನಡುವೆ ಮದುವೆಯ ಶಾಮಿಯಾನ ನಿಂತಿರುತ್ತಿತ್ತು.

ಜನ ಬರತೊಡಗಿದರು. ನಮ್ಮ ಕಡೆ ಹುಷಾರಿಲ್ಲದವರನ್ನು ನೋಡಲು ಹೋಗುವುದಕ್ಕೆ ಮಾತಾಡಿಸಿಕೊಂಡು ಬರುವುದು ಎನ್ನುತ್ತಾರೆ. ಮೋಸಂಬಿ, ಬ್ರೆಡ್ಡು, ಎಳನೀರು ತಂದು, ನನ್ನ ಎದುರು ಕುಳಿತು, ಮಾತಾಡಿಸುವುದು ಹೇಗೆಂದು ತಿಳಿಯದೆ ತಾವೇ ಮಾತಾಡುತ್ತಿದ್ದರು. ಪಕ್ಕದ ಮನೆಯ ಮುದುಕಿ ದಿನಾ ಒಂದು ಮದ್ದು ತರುತ್ತಿದ್ದಳು.

"ಜೇಷ್ಠಮಧು ಕಡಿಯೋ ಯಪ್ಪಾ. ಮಾತಾಡಿ ಮಾತಾಡಿ ಗಂಟ್ಲಾಗಿನ ನೀರೆಲ್ಲಾ ಬತ್ತಿಸ್ಕೊಂಡಿ. ನಿಮ್ಮವ್ವನೂ ಹಂಗ ಇದ್ಲು, ಬಾಯಿ ಮುಚ್ಚತಿದ್ದಿಲ್ಲ."

ನನ್ನ ತಾಯಿ ಮಿತಭಾಷಿ. ಅದನ್ನು ಹೇಳಲು ಕೈ ಎತ್ತಿದೆ.

"ಕೈ ಯಾಕ ಎತ್ತತಿ, ಖರೇ ಹೇಳಾಕತ್ತೀನಿ. ಬಾವಿ ಕಟ್ಟಿ ಮ್ಯಾಲೆ ಕುಂತ್ರ ಕೊಡ ತುಂಬೂದು ಮರೀತಿದ್ಲು." ಮುದುಕಿ ಹೋದ ಮೇಲೆ ನಾನು ಬಾವಿಯ ಕಟ್ಟೆಯ ಮೇಲೆ ಕುಳಿತು ನಗುವ ಒಬ್ಬ ಹೆಂಗಸನ್ನು ಯೋಚಿಸುತ್ತ ಮಲಗಿದೆ. ಅವಳು ನನ್ನ ತಾಯಿ ಆಗಿರಲಿಲ್ಲ ಎಂದು ನನಗೆ ಹೇಗೆ ಗೊತ್ತು? ನಾನು ಹುಟ್ಟಿದ ಮೇಲೆ ಸುಮ್ಮನಾಗಿರಬಹುದು.

ಹೀಗೆ ಬಂದವರೆಲ್ಲ ನನ್ನ ಜೀವನವನ್ನು ನನಗೇ ಹೇಳಿ ಹೋದರು. ನಾನು ಹೇಳದ ಚಟಾಕಿಗಳನ್ನು ನಾನು ಹೇಳಿದ್ದೆನೆಂದು ನೆನೆದು ನಕ್ಕರು. ಹೋಗದ ಊರಿಗೆ ನನ್ನನ್ನು ಕರೆದೊಯ್ದರು. ಒಬ್ಬರಂತೂ ತಮ್ಮ ತಂಗಿಯ ಮದುವೆಯಲ್ಲಿ ನಾನು ಹಾಡಿದ್ದೆ ಎಂದರು. ನನಗೆ ಹಾಡಲು ಬರುವುದಿಲ್ಲ. ಫೋನಿನಲ್ಲಿ 'ಇಲ್ಲ' ಎಂದು ಬರೆದು ತೋರಿಸುವಷ್ಟರಲ್ಲಿ ಅವರು ಮುಂದಿನ ಮಾತಿಗೆ ಹೋಗಿರುತ್ತಿದ್ದರು. ಕೆಲವು ದಿನಗಳ ಮೇಲೆ ಬರೆಯುವುದನ್ನೂ ಬಿಟ್ಟೆ. ಆಗ ನನಗೆ ಒಂದೇ ಆಸರೆ ಇತ್ತು. ಎಲ್ಲ ಕಲಸಿಹೋದರೂ ಮಸ್ಕಿಯ ಆ ಸಂಜೆ ಮಾತ್ರ ನನ್ನದು ಎಂಬ ನಂಬಿಕೆ. ಆವಾಜ್ ಹೋದರೂ, ಅದಿದ್ದಾಗ ನಾನೇನು ಮಾಡಿದ್ದೆ ಎಂಬುದಕ್ಕೆ ಅದೊಂದು ಸಾಕು ಎಂದುಕೊಂಡಿದ್ದೆ.

ಆ ಸಂಜೆ ಹೀಗಿತ್ತು. ಫೈನಲ್ ಪಂದ್ಯ, ಕೊನೆಯ ರೇಡು, ಅಂಕ ಸಮ. ಬಳಗಾನೂರಿನ ಏಳು ಎದುರಾಳಿಗಳ ಅಂಕಣದೊಳಗೆ ಹೋಗಿದ್ದ. ಸೂರ್ಯ ಗುಡ್ಡದ ಹಿಂದೆ ಇಳಿದಾಗಿತ್ತು, ಅಂಗಳಕ್ಕೆ ಇದ್ದದ್ದು ಲೈಟಿನ ಬೆಳಕು. ಅಷ್ಟರಲ್ಲಿ ಕರೆಂಟು ಹೋಯಿತು. ಮೈಕು ಸತ್ತಿತು. ಜನರ ಕೂಗು ಕೂಡ ಕರೆಂಟಿನ ಜೊತೆ ಹೋದಂತೆ ನಿಂತಿತು. ಅಂಪೈರ್ ಸೀಟಿ ಊದಲಿಲ್ಲ. ಆ ಮಬ್ಬಿನಲ್ಲಿ ಕೇಳಿಸುತ್ತಿದ್ದದ್ದು ಒಂದೇ ಸದ್ದು, ಒಬ್ಬ ಮನುಷ್ಯ ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಿರುವುದು. ನಾನು ಮೇಜಿನ ಮೇಲೆ ಹತ್ತಿದೆ. ಬರಿಗಂಟಲಿನಲ್ಲಿ ಹೇಳತೊಡಗಿದೆ: ಏಳು ಬಲಕ್ಕೆ ಸರಿದ, ಮೂಲೆಯವನು ಕಾಲಿಗೆ ಬಿದ್ದ, ಏಳು ಅವನನ್ನು ಎಳೆದುಕೊಂಡೇ ಬರುತ್ತಿದ್ದಾನೆ, ಗೆರೆ ಮುಟ್ಟುತ್ತಿದ್ದಾನೆ. ಕತ್ತಲಲ್ಲಿ ಕುಳಿತ ಮಂದಿ ನನ್ನ ಮಾತಿನಲ್ಲಿ ಆ ರೇಡನ್ನು ನೋಡಿದರು. ಕರೆಂಟು ಬಂದಾಗ ಅವನ ಬೆರಳು ಗೆರೆಯ ಮೇಲಿತ್ತು.

ಇದನ್ನು ನಾನು ವರ್ಷಗಳಿಂದ ವೇದಿಕೆಯ ಮೇಲೆ ಹೇಳಿದ್ದೇನೆ, ಹುಡುಗರಿಗೆ ಹೇಳಿದ್ದೇನೆ. ಒಮ್ಮೆಯೂ ನನ್ನ ಹಳೆಯ ಪ್ರಶ್ನೆಯನ್ನು ಇದಕ್ಕೆ ಕೇಳಿರಲಿಲ್ಲ. ಕತ್ತಲಿದ್ದರೆ ನನಗೆ ಕಂಡದ್ದು ಹೇಗೆ?

ಗೆಳೆಯ ಬಂದದ್ದು ಒಂದು ಭಾನುವಾರ. ಕ್ಯಾಂಪಿನಿಂದ ಮೀನು ತಂದಿದ್ದ. ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲವೆಂದು ಗೊತ್ತಿದ್ದೂ ಪ್ರತಿ ಸಲ ತಂದು, ಹೋಗುವಾಗ ವಾಪಸು ತೆಗೆದುಕೊಂಡು ಹೋಗುವುದು ಅವನ ತಮಾಷೆ.

"ಅಕ್ಕಾರ, ಹೆಂಗದಾನ್ರಿ ನಮ್ ರೇಡಿಯೋ?" ಎಂದು ನನ್ನ ಹೆಂಡತಿಯನ್ನು ಕೇಳಿದ.

"ಬಂದ್ ಬಿದ್ದೈತಿ ನೋಡ್ರಿ ಅಣ್ಣಾರ. ಮನಿ ಭಾಳ ಶಾಂತ ಐತಿ."

"ಸೆಲ್ ಹಾಕಬ್ಯಾಡ್ರಿ ಹಂಗಾರ."

ಇಬ್ಬರೂ ನಕ್ಕರು. ನಾನು ಮುಖ ಗಂಟು ಹಾಕಿಕೊಂಡೆ. ಚಹಾ ಬಂತು. ಲಿಂಗಸುಗೂರಿನವರು ದಿನವೂ ಫೋನ್ ಮಾಡುತ್ತಿದ್ದಾರೆ, ನಾನು ಬರದಿದ್ದರೆ ರಾಯಚೂರಿನಿಂದ ಯಾರನ್ನೋ ಕರೆಸುತ್ತಾರಂತೆ ಎಂದ. ಆಮೇಲೆ ಮಾತು ಮಸ್ಕಿಗೆ ಹೋಯಿತು. ಅವನು ನನಗೆ ಹೇಳುತ್ತಿರಲಿಲ್ಲ, ನನ್ನ ಹೆಂಡತಿಗೆ ಹೇಳುತ್ತಿದ್ದ, ಊರಿಗೆಲ್ಲ ಗೊತ್ತಿರುವ ಸಂಗತಿಯನ್ನು ಹೇಳುವಷ್ಟು ಸಲೀಸಾಗಿ.

"ಈಗೆಲ್ಲಾ ಜನರೇಟರ್ ಇರ್ತದ್ರಿ ಅಕ್ಕಾರ. ಆಗ ಎಲ್ಲಿತ್ತು? ಮಸ್ಕಿ ಫೈನಲ್‌ನ್ಯಾಗ ಕರೆಂಟ್ ಹೋತಲ್ರಿ, ನಾ ಮೇಜಿನ ಮ್ಯಾಲೆ ಹತ್ತಿ ನಿಂತು ಒದರಿದ್ದೆ. ಮೇಜು ಅಂದ್ರ ಮೇಜಲ್ಲ ಅದು, ಶಾಲಿದು, ಒಂದು ಕಾಲು ಮುರಿದಿತ್ತು. ಇವ ಕೆಳಗ ಕುಂತು ಎರಡೂ ಕೈಲೆ ಗಟ್ಟಿಗೆ ಹಿಡ್ಕೊಂಡಿದ್ದ. ಅವತ್ತು ಇವ ಬಿಟ್ಟಿದ್ರ ನನ್ನ ಸೊಂಟ ಇರ್ತಿದ್ದಿಲ್ಲ."

ನಾನು ಎದ್ದು ಕುಳಿತೆ. ಅಲ್ಲ ಎಂದು ಕೈ ಆಡಿಸಿದೆ. ನನ್ನ ಎದೆ ಮುಟ್ಟಿಕೊಂಡು, ಮೇಲೆ ತೋರಿಸಿ, ನಾನು, ನಾನು ಎಂದು ಸನ್ನೆ ಮಾಡಿದೆ.

"ಹೌದು ದೋಸ್ತ, ನೀನೇ ಹಿಡ್ಕೊಂಡಿದ್ದಿ, ಯಾರು ಇಲ್ಲಂದ್ರು?" ಎಂದ ಅವನು, ಪ್ರೀತಿಯಿಂದ.

ನನ್ನ ಹೆಂಡತಿ ಲೋಟ ಎತ್ತಿಕೊಳ್ಳುತ್ತ, "ಅದಕ್ಕೇನ್ರಿ ಅವತ್ತು ಅಂಗೈ ತುಂಬ ಸಿಬುರು ಚುಚ್ಚಿಸ್ಕೊಂಡು ಬಂದಿದ್ದು?" ಎಂದು ನನ್ನನ್ನು ಕೇಳಿದಳು. "ನಾ ಸೂಜಿಲೆ ತೆಗದಿದ್ದೆ. ಒಂದು ಒಳಗೇ ಉಳದು ಕೀವಾಗಿತ್ತು. ಏನಾತಂತ ಕೇಳಿದ್ರ ಒಂದೂ ಹೇಳಿದ್ದಿಲ್ಲ ನೀವು, ಗೆದ್ದರು ಗೆದ್ದರು ಅಂತಿದ್ರಿ ಬರೇ."

ಸಿಬುರು ನನಗೂ ನೆನಪಿತ್ತು. ಆದರೆ ಅದು ಯಾವುದೋ ಆರ್ಕೆಸ್ಟ್ರಾದ ಹಲಗೆಯ ವೇದಿಕೆಯದು ಎಂದು ನಾನು ಇಟ್ಟುಕೊಂಡಿದ್ದೆ. ಅವಳು ಒಳಗೆ ಹೋದಳು. ಗೆಳೆಯ ಮೀನಿನ ಚೀಲ ತೆಗೆದುಕೊಂಡು, ನನ್ನ ಭುಜ ಒತ್ತಿ ಹೋದ. ಮುಚ್ಚಿದ ಬಾಯಿಯಲ್ಲಿ ನಾನು ಬಹಳ ಹೊತ್ತು ಜಗಳವಾಡಿದೆ. ಅವನ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ವೇದಿಕೆಯ ಮೇಲೆ ನಾನು ಇದನ್ನು ಹೇಳಿದಾಗಲೆಲ್ಲ ಅವನು ಪಕ್ಕದಲ್ಲೇ ಇದ್ದನೋ, ಚಹಾಕ್ಕೆ ಹೋಗಿರುತ್ತಿದ್ದನೋ, ನೆನಪಾಗಲಿಲ್ಲ. ಕಣ್ಣು ಮುಚ್ಚಿ ಆ ಸಂಜೆಗೆ ಹೋದೆ. ಮೇಜಿನ ಮೇಲಿನಿಂದ ನೋಡಿದರೆ ಅಂಗಳ ಕಾಣಬೇಕು, ಜನರ ತಲೆಗಳು ಕಾಣಬೇಕು. ನನಗೆ ಕಂಡದ್ದು ಕಾಲುಗಳು. ಬರಿಗಾಲು, ಹಿಮ್ಮಡಿ, ಮಬ್ಬಿನಲ್ಲಿ ಏಳುವ ಧೂಳು. ಅಷ್ಟು ಕೆಳಗಿನಿಂದ ನಾನು ಯಾಕೆ ನೋಡುತ್ತಿದ್ದೆ? ಹಾಗಾದರೆ ಆ ಮಾತುಗಳು? ಏಳು ಬಲಕ್ಕೆ ಸರಿದ ಎಂಬುದು ನನ್ನ ಗಂಟಲಿನ ನೆನಪೋ, ಕಿವಿಯ ನೆನಪೋ? ಹಾರ್ನಿನ ಕೆಳಗೆ ನಿಂತವರಿಗೆ ನಮ್ಮಿಬ್ಬರ ವ್ಯತ್ಯಾಸ ತಿಳಿಯುತ್ತಿರಲಿಲ್ಲ ಎಂದು ಹೆಮ್ಮೆಪಟ್ಟಿದ್ದೆ. ಅದು ನನಗೂ ತಿಳಿದಿರಲಿಲ್ಲವೆ? ಅವನ ನೆನಪೇ ಸರಿ ಎಂದು ಹೇಳಲು ಕೂಡ ಏನೂ ಆಧಾರವಿಲ್ಲ. ಸಿಬುರು ಮೇಜು ಹತ್ತುವಾಗಲೂ ಚುಚ್ಚಬಹುದು. ಹೀಗೆ ವಾದಿಸುತ್ತ ಹೋದೆ. ಮಧ್ಯಾಹ್ನ ಕರಗುತ್ತಿತ್ತು, ಗೋಡೆಯ ಮೇಲಿನ ಬಿಸಿಲು ನೆಲಕ್ಕೆ ಇಳಿದು ಚಾಪೆಯ ಅಂಚಿಗೆ ಬಂದು ನಿಂತಿತ್ತು.

ಪಂದ್ಯಾವಳಿಯ ಹಿಂದಿನ ವಾರ ಡಾಕ್ಟರು ಮತ್ತೆ ನಾಲಗೆ ಎಳೆದು ನೋಡಿದರು. ಗಂಟು ಅರ್ಧ ಕರಗಿದೆ ಎಂದರು. ಕತ್ತರಿ ಬೇಡ, ಆದರೆ ಇನ್ನು ಮುಂದೆ ದಿನಕ್ಕೆ ಸ್ವಲ್ಪವೇ ಮಾತು, ಮೆಲ್ಲಗೆ. ಕೂಗುವ ಕೆಲಸ ಬಿಡಬೇಕು. "ಇದ್ದದ್ದನ್ನ ಉಳಿಸ್ಕೊಳ್ರಿ. ಒಂದು ದಿನ ಜೋರಾಗಿ ಒದರಿದ್ರಿ ಅಂದ್ರ ಅದೂ ಹೋತು."

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಏನರ ಅನ್ರಿ ಮೊದಲು" ಎಂದಳು.  "ಊಟಕ್ಕ ಏನೈತಿ?" ಎಂದೆ. ಒಣಗಿದ ಜೋಳದ ದಂಟನ್ನು ಮುರಿದ ಹಾಗಿತ್ತು ಸದ್ದು. ಅವಳು ನಗಲು ಹೋಗಿ ನಿಲ್ಲಿಸಿದಳು.

"ಹೋಗ್ತೀರೇನು ಲಿಂಗಸುಗೂರಿಗೆ?"

"ಹೋಗಿ ನೋಡ್ತೀನಿ."

"ಹೋಗ್ರಿ. ಆದ್ರ ಇದನ್ನ ಅಲ್ಲಿ ಬಿಟ್ಟು ಬರಬ್ಯಾಡ್ರಿ. ನನಗ ಬೇಕು ಇದು." ಅಷ್ಟು ಹೇಳಿ ತಟ್ಟೆ ಹಾಕಲು ಹೋದಳು. ಶಾಂತವಾಗಿದೆ ಎಂದಿದ್ದ ಮನೆಯಲ್ಲಿ ಅವಳು ಇಷ್ಟು ವಾರ ಏನು ಕೇಳಿಸಿಕೊಳ್ಳುತ್ತಿದ್ದಳೋ ನಾನು ಯೋಚಿಸಿರಲಿಲ್ಲ.

ಲಿಂಗಸುಗೂರಿನ ಮೈದಾನದಲ್ಲಿ ಈಗ ರಬ್ಬರ್ ಮ್ಯಾಟಿನ ಅಂಕಣ. ಮ್ಯಾಟಿಗೆ ಬಿಸಿಲು ಬಿದ್ದು ಒಂದು ತರಹದ ವಾಸನೆ ಬರುತ್ತಿತ್ತು. ಸಂಘಟಕರು ಸಾಲಾಗಿ ಕೈ ಮುಗಿದರು. ಗೆಳೆಯ ಆಗಲೇ ಬಂದು ಕುರ್ಚಿ ಹಿಡಿದಿದ್ದ. ಮೈಕು ಮುಂದೆ ಎಳೆದುಕೊಂಡು ನಾನು ನಮಸ್ಕಾರ ಹೇಳಿದೆ. ಹಾರ್ನುಗಳಿಂದ ಹೊರಬಂದದ್ದು ಯಾರದೋ ಗಂಟಲು, ತಗ್ಗಿನದು, ಗರಗರ ಅನ್ನುವಂಥದ್ದು. ನಾನೇ ತಿರುಗಿ ನೋಡುವಂತಾಯಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದವನೊಬ್ಬ ಪಕ್ಕದವನಿಗೆ ಹೇಳಿದ್ದು ಕೇಳಿಸಿತು.

"ಯಾರಲೇ ಇವ? ಸಿಂಧನೂರಿನವ ಬಂದಿಲ್ಲೇನು?"

"ಅವಂದು ಗಂಟ್ಲ ಹೋಗ್ಯಾದಂತ. ಇವ ಯಾವನೋ ಹೊಸಬ. ಬೀಡಿ ಜಾಸ್ತಿ ಸೇದ್ತಾನ ಕಾಣ್ತದ."

ಗೆಳೆಯ ತುಟಿ ಕಚ್ಚಿ ನಗು ತಡೆದ. ನಾನು ಮೊದಲ ರೇಡಿಗೆ ಬಾಯಿ ತೆರೆದೆ. ಆಟ ಬಿಸಿಯಾದಂತೆ ಆವಾಜ್ ಏರಿಸಬೇಕು. ಏರಿಸಿದೆ, ಅದು ನಡುವೆ ಹರಿಯಿತು. ಗಂಟಲಲ್ಲಿ ಉಪ್ಪುಕಾಗದ ಉಜ್ಜಿದಂತಾಯಿತು. ಇನ್ನೊಮ್ಮೆ ಏರಿಸಿದರೆ ಇವತ್ತಿನ ಆಟ ಮುಗಿಸಬಹುದು, ಆಮೇಲೆ ಏನೂ ಉಳಿಯದೇ ಇರಬಹುದು. ಹರಿದರೆ ಹರಿಯಲಿ ಎಂದು ಒಂದು ಕ್ಷಣ ನಿಜವಾಗಿಯೂ ಅನ್ನಿಸಿತು. ಜನ ಎದ್ದು ನಿಂತಿದ್ದರು. ನಾನು ಮೈಕನ್ನು ಗೆಳೆಯನ ಕೈಗೆ ಕೊಟ್ಟೆ.

ಅವನು ಹಿಡಿದುಕೊಂಡ. ಸ್ವಲ್ಪ ಹೊತ್ತು ಚೆನ್ನಾಗಿ ಹೇಳಿದ. ಆಮೇಲೆ ನನ್ನ ಕಡೆ ಬಾಗಿ, ಮೈಕಿನ ಮೇಲೆ ಅಂಗೈ ಮುಚ್ಚಿ, "ದೋಸ್ತ, ನನಗ ದೂರದ್ದು ಕಾಣಂಗಿಲ್ಲ ಈಗ. ಚಸ್ಮಾ ಬದಲಾಯಿಸಬೇಕಾಗ್ಯಾದ. ಆ ಮೂಲ್ಯಾಗ ಏನ್ ನಡದೈತಿ?" ಎಂದ.

ನೋಡಿದೆ. ಹೇಳುವ ಗಡಿಬಿಡಿ ಇಲ್ಲದಿದ್ದರಿಂದ ಬರೀ ನೋಡಿದೆ. ಆಟ ನಿಧಾನವಾಯಿತು. ಎಡಮೂಲೆಯವನು ಮುಂಗಾಲಿನ ಮೇಲೆ ಭಾರ ಬಿಟ್ಟು, ಹಿಮ್ಮಡಿ ಎತ್ತಿ, ಉಸಿರು ಕಟ್ಟಿ ಕಾಯುತ್ತಿದ್ದ. ಮೈಯೆಲ್ಲ ಮುಂದಕ್ಕೆ ಹೋಗಲು ಸಿದ್ಧವಾಗಿ, ಕಣ್ಣು ಮಾತ್ರ ಬೇರೆ ಕಡೆ ಇತ್ತು. ಅದು ಮೋಸದ ನೋಟ. ಇಷ್ಟು ವರ್ಷ ಇಂಥ ಕಣ್ಣುಗಳು ನನ್ನ ಎದುರೇ ಇದ್ದವು, ನಾನು ಅವುಗಳ ಮೇಲೆ ಮಾತು ಸುರಿಯುತ್ತ ಬಂದಿದ್ದೆ.

ಪಿಸುಗುಟ್ಟಬಾರದು ಎಂಬುದು ನೆನಪಾಗಿ, ಗಂಟಲಿಗೆ ನೋವಾಗದಷ್ಟು ಮೆಲ್ಲಗೆ ಅವನ ಕಿವಿಯ ಹತ್ತಿರ, "ಎಡಗಡಿ ಮೂಲಿ. ಕಾಲು ಹಿಡಿತಾನ" ಎಂದೆ.

"ಎಡಮೂಲೆಯ ಆಟಗಾರನ ಮೇಲೆ ಕಣ್ಣಿಡಿ ಮಹಾಜನರೇ, ಅವನು ಕಾಲಿಗೆ ಬೀಳುವವನಿದ್ದಾನೆ," ಎಂದು ಹಾರ್ನುಗಳು ಹೇಳಿದವು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಎಡಮೂಲೆಯವನು ಕಾಲಿಗೆ ಬಿದ್ದ, ರೇಡರ್ ಮುಗ್ಗರಿಸಿದ, ಮೈದಾನ ಕೂಗಿತು. ಗೆಳೆಯ ನನ್ನ ಕಡೆ ನೋಡಿದ. ಹುಬ್ಬು ಹಾರಿಸಿದ.

"ಮುಂದ?"

ಸಂಜೆಯವರೆಗೆ ಹಾಗೇ ಕುಳಿತೆವು. ನಾನು ಎರಡು ಮೂರು ಮಾತು ಹೇಳುತ್ತಿದ್ದೆ, ಅವನು ಅದನ್ನು ಎತ್ತಿಕೊಂಡು ಹೋಗುತ್ತಿದ್ದ, ತೆಲುಗಿಗೂ ತಿರುಗಿಸುತ್ತಿದ್ದ. ಕೆಲವು ಸಲ ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದ, ಕೆಲವು ಸಲ ಕೆಡಿಸಿದ. ಕೆಡಿಸಿದಾಗ ಕೈ ತಾನೇ ಮೈಕಿನ ಕಡೆ ಹೋಗುತ್ತಿತ್ತು. ಆ ಕೈಯಲ್ಲಿ ನೀರಿನ ಲೋಟ ಎತ್ತಿಕೊಳ್ಳುತ್ತಿದ್ದೆ. ಸಂಘಟಕರಲ್ಲಿ ಒಬ್ಬರು ಬಂದು ಮುಂದಿನ ತಿಂಗಳು ಮಸ್ಕಿಗೆ ಇಬ್ಬರೂ ಹೀಗೇ ಬರಬೇಕು ಎಂದು ಹೇಳಿ ಹೋದರು.

ಬಸ್ಸಿನಲ್ಲಿ ಅವನ ಗಂಟಲು ಕಟ್ಟಿತ್ತು. "ನಾಳಿಗೆ ನಾನೂ ಮೂಗನಾಗ್ತೀನಿ ನೋಡು," ಎಂದ.

"ಡಾಕ್ಟರ್ ನಂಬರ್ ಕೊಡ್ತೀನಿ," ಎಂದೆ.

"ನಾಳಿಗೆ ಯಾರರ ಕೇಳಿದ್ರ ಏನಂತ ಹೇಳೂನು? ಕಾಮೆಂಟ್ರಿ ಯಾರು ಹೇಳಿದ್ರು ಅಂದ್ರ?"

 ಕಿಟಕಿಯ ಆಚೆ ಕತ್ತಲು ಇಳಿಯುತ್ತಿತ್ತು, ಮಸ್ಕಿಯ ದೀಪಗಳು ಇನ್ನೂ ದೂರ ಇದ್ದವು. ಆ ದಿನಕ್ಕೆ ನನ್ನ ಪಾಲಿನ ಮಾತು ಬಹುಮಟ್ಟಿಗೆ ಮುಗಿದಿತ್ತು, ಉಳಿದದ್ದನ್ನು ಮನೆಗೆ ಒಯ್ಯಬೇಕಿತ್ತು. ಅವನ ಕೈ ಹಿಡಿದು ಅದುಮಿದೆ. ಅವನಿಗೆ ಅದು ಉತ್ತರ ಅನ್ನಿಸಿತೋ ಇಲ್ಲವೋ, ಸೀಟಿಗೆ ಒರಗಿ ಕಣ್ಣು ಮುಚ್ಚಿದ.